ಮೊದಲ ಸಾಲು ಯಾರಿಗೆ?

ನ್ಯೂಯಾರ್ಕಿಗೆ ಹೋಗಿಬಂದ ಕನ್ನಡಿಗರ ಮೊಬೈಲಿನಲ್ಲಿ ಒಂದು ಫೋಟೊ ಬಹುತೇಕ ಇದ್ದೇ ಇರುತ್ತದೆ. ಟೈಮ್ಸ್ ಸ್ಕ್ವೇರ್‌ನ ಎತ್ತರೆತ್ತರದ ಜಾಹೀರಾತು ಪರದೆಗಳ ನಡುವೆ ಕೆಂಪಗೆ ಹೊಳೆಯುವ ಗಾಜಿನ ಮೆಟ್ಟಿಲುಗಳು, ಅವುಗಳ ಮೇಲೆ ಕೂತು ನಗುತ್ತಿರುವ ಮನೆಮಂದಿ. ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೆ ಹೋದ ಅಪ್ಪ ಅಮ್ಮನೂ ಒಂದು ಭಾನುವಾರ ಅಲ್ಲಿಗೆ ಹೋಗಿ ಕೂತು ಬರುತ್ತಾರೆ. ಆ ಮೆಟ್ಟಿಲುಗಳು ಒಂದು ಕಟ್ಟಡದ ಮಾಡು ಎಂಬುದು ಎಷ್ಟೋ ಜನರ ಗಮನಕ್ಕೇ ಬರುವುದಿಲ್ಲ. ಹಿಂಬದಿಗೆ ಹೋಗಿ ನೋಡಿದರೆ ಅಲ್ಲಿ ಸಾಲು ಕಿಟಕಿಗಳಿವೆ. ಅವತ್ತಿನ ನಾಟಕಗಳ ಹೆಸರು, ಎಷ್ಟು ರಿಯಾಯಿತಿ ಎಂಬ ವಿವರ ಮಿನುಗುವ ಫಲಕವಿದೆ. ಮುಂದೆ ಸುತ್ತಿ ಸುತ್ತಿ ನಿಂತ ಜನರಿದ್ದಾರೆ. ಇವತ್ತು ಸಂಜೆಯ ನಾಟಕಕ್ಕೆ ಇವತ್ತೇ ಟಿಕೆಟ್ ಮಾರುವ ಈ ಜಾಗದ ಹೆಸರು ಟಿ.ಕೆ.ಟಿ.ಎಸ್.

1970ರ ದಶಕದ ಆರಂಭದಲ್ಲಿ, ಟೈಮ್ಸ್ ಸ್ಕ್ವೇರ್ ಸುತ್ತಲಿನ ದೊಡ್ಡ ರಂಗಮಂದಿರಗಳ ಲೋಕವಾದ ಬ್ರಾಡ್‌ವೇ ಸೊರಗಿಹೋಗಿತ್ತು. ಕತ್ತಲಾದ ಮೇಲೆ ಟೈಮ್ಸ್ ಸ್ಕ್ವೇರ್ ಕಡೆ ಓಡಾಡಲು ಊರಿನವರೇ ಹಿಂದೆಮುಂದೆ ನೋಡುತ್ತಿದ್ದರು. ಪರದೆ ಏಳುವ ಹೊತ್ತಿಗೂ ಕುರ್ಚಿಗಳು ಖಾಲಿ ಉಳಿಯುತ್ತಿದ್ದವು. 1968ರಲ್ಲಿ ಹುಟ್ಟಿಕೊಂಡ ಥಿಯೇಟರ್ ಡೆವಲಪ್‌ಮೆಂಟ್ ಫಂಡ್ ಎಂಬ ಲಾಭರಹಿತ ಸಂಸ್ಥೆ 1973ರ ಜೂನ್ 25ರಂದು ಅಲ್ಲಿ ಒಂದು ಟ್ರೇಲರ್ ನಿಲ್ಲಿಸಿ, ಅದರೊಳಗೇ ಕೌಂಟರ್ ತೆರೆಯಿತು. ನಾಟಕ ಕಂಪನಿಗಳು ಆ ದಿನ ಮಾರಾಟವಾಗದೆ ಉಳಿದ ಟಿಕೆಟ್ಟುಗಳನ್ನು ಅಲ್ಲಿಗೆ ಕೊಡಬೇಕು, ಅಲ್ಲಿ ಸಾಲಿನಲ್ಲಿ ನಿಂತವರಿಗೆ ಅವು ಅರ್ಧ ಬೆಲೆಗೋ ಅದರ ಆಸುಪಾಸಿಗೋ ಸಿಗಬೇಕು. ಏರ್ಪಾಡು ಇಷ್ಟೇ. ಲಂಡನ್ನಿನ ಲೆಸ್ಟರ್ ಸ್ಕ್ವೇರ್‌ನಲ್ಲಿ 1980ರಲ್ಲಿ ಇಂಥದೇ ಕೌಂಟರ್ ಶುರುವಾಯಿತು. ನ್ಯೂಯಾರ್ಕಿನ ಕೌಂಟರಿನ ಮೇಲೆ ಕೆಂಪು ಮೆಟ್ಟಿಲು ಬಂದದ್ದು 2008ರಲ್ಲಿ.

ಕಡೇ ಗಳಿಗೆಯ ಟಿಕೆಟ್ಟಿನ ಹಿಂದಿರುವ ಲೆಕ್ಕ ನಮಗೆಲ್ಲ ಗೊತ್ತಿರುವುದೇ. ಸಂತೆ ಎತ್ತುವ ಹೊತ್ತಿಗೆ ಸೊಪ್ಪಿನವಳು ಎರಡು ಕಟ್ಟಿನ ಬೆಲೆಗೆ ನಾಲ್ಕು ಕಟ್ಟು ಕೊಡುತ್ತಾಳಲ್ಲ, ಅದೇ ಲೆಕ್ಕ. ಸೊಪ್ಪಾದರೂ ಒಂದು ರಾತ್ರಿ ನೀರು ಚಿಮುಕಿಸಿಕೊಂಡು ಉಳಿದೀತು, ರಂಗಮಂದಿರದ ಕುರ್ಚಿ ಅಷ್ಟೂ ಉಳಿಯುವುದಿಲ್ಲ. ಮೂರನೇ ಗಂಟೆ ಬಾರಿಸಿ ದೀಪ ಆರಿದ ಮೇಲೆ ಖಾಲಿ ಕುರ್ಚಿಗೆ ಬೆಲೆ ಸೊನ್ನೆ. ನಟರ ಸಂಬಳ, ಬೆಳಕಿನ ಖರ್ಚು, ಮಂದಿರದ ಬಾಡಿಗೆ ಯಾವುದೂ ಆ ಖಾಲಿ ಕುರ್ಚಿಯಿಂದಾಗಿ ಕಡಿಮೆಯಾಗದು. ಅದನ್ನು ಹತ್ತು ಡಾಲರಿಗೆ ಕೊಟ್ಟರೂ ಆ ಹತ್ತು ಡಾಲರ್ ಲಾಭವೇ.

ಹಾಗಿದ್ದರೆ ಎಲ್ಲರೂ ಸಂಜೆಯವರೆಗೆ ಕಾದು ಅರ್ಧ ಬೆಲೆಗೇ ಕೊಳ್ಳಬಹುದಲ್ಲ, ಮೊದಲೇ ಪೂರ್ತಿ ದುಡ್ಡು ಕೊಟ್ಟು ಕಾದಿರಿಸುವವರು ಯಾಕೆ ಇರುತ್ತಾರೆ? ಸಾಲಿನ ನಿಜವಾದ ಕೆಲಸ ಇರುವುದು ಇಲ್ಲೇ. ಮದುವೆ ದಿನದ ನೆನಪಿಗೆ ನಾಟಕ ನೋಡಬೇಕೆಂದಿರುವ ದಂಪತಿ, ಬೇರೆ ಊರಿನಿಂದ ವಿಮಾನ ಹತ್ತಿ ಬರುವ ಸಂಸಾರ, ದಿನಕ್ಕೆ ಹತ್ತು ಮೀಟಿಂಗ್ ಇರುವ ಅಧಿಕಾರಿ ಇವರ್ಯಾರೂ ಬಿಸಿಲಿನಲ್ಲಿ ಎರಡು ಗಂಟೆ ನಿಂತು, ಕೊನೆಗೆ ಟಿಕೆಟ್ ಇಲ್ಲ ಅನ್ನಿಸಿಕೊಂಡು ಹೋಗಲು ತಯಾರಿಲ್ಲ. ಖಾತರಿ ಬೇಕಾದವರು ಪೂರ್ತಿ ಬೆಲೆ ಕೊಡುತ್ತಾರೆ. ಜೇಬಿನಲ್ಲಿ ದುಡ್ಡಿಲ್ಲದೆ ಕೈಯಲ್ಲಿ ಹೊತ್ತು ಇರುವವರು ಸಾಲಿಗೆ ಬರುತ್ತಾರೆ. ಯಾರ ಆದಾಯ ಎಷ್ಟು ಎಂದು ಯಾರನ್ನೂ ಕೇಳದೆ, ಯಾವ ಪ್ರಮಾಣಪತ್ರವನ್ನೂ ನೋಡದೆ ಸಾಲು ತಾನಾಗಿ ಈ ವಿಂಗಡಣೆ ಮಾಡಿಕೊಡುತ್ತದೆ.

ಇದು ಉಳಿದ ಟಿಕೆಟ್ಟಿನ ಮಾತಾಯಿತು. ಒಂದೂ ಟಿಕೆಟ್ ಉಳಿಯದ ನಾಟಕದ ಕತೆ ಬೇರೆ. ವಾರಗಟ್ಟಲೆ ಹೌಸ್‌ಫುಲ್ ಓಡುತ್ತಿರುವ ಪ್ರದರ್ಶನಕ್ಕೆ ಅಗ್ಗದ ಟಿಕೆಟ್ ಇಡುವ ದರ್ದೇನೂ ನಿರ್ಮಾಪಕನಿಗೆ ಇರುವುದಿಲ್ಲ. ಆದರೂ ಇಟ್ಟವರಿದ್ದಾರೆ, ಆ ಕತೆಯನ್ನು 'ರೆಂಟ್' ಸಂಗೀತ ನಾಟಕದಿಂದ ಶುರುಮಾಡಬೇಕು.

'ರೆಂಟ್' ಬರೆದ ಜೊನಾಥನ್ ಲಾರ್ಸನ್ ಹೊಟ್ಟೆಪಾಡಿಗೆ ನ್ಯೂಯಾರ್ಕಿನ ಒಂದು ಹೋಟೆಲಿನಲ್ಲಿ ಮಾಣಿಯಾಗಿ ದುಡಿಯುತ್ತಿದ್ದವನು. ಬಾಡಿಗೆ ಕಟ್ಟಲಾಗದ ಯುವ ಕಲಾವಿದರು, ಏಡ್ಸ್ ನೆರಳಿನಲ್ಲಿ ಬದುಕುವ ಗೆಳೆಯರ ಕತೆಯನ್ನು ಅವನು ಪುಚ್ಚೀನಿಯ 'ಲಾ ಬೊಹೆಮ್' ಒಪೆರಾದ ಎಳೆ ಹಿಡಿದು ಬರೆದ. ಒಂದು ಸಣ್ಣ ರಂಗಮಂದಿರದಲ್ಲಿ ಮೊದಲ ಪ್ರದರ್ಶನ ಆಗಬೇಕಿದ್ದ ದಿನ, 1996ರ ಜನವರಿ 25ರ ಬೆಳಗ್ಗೆ, 35ರ ವಯಸ್ಸಿನಲ್ಲೇ ತೀರಿಕೊಂಡ. ಅದೇ ವರ್ಷದ ಏಪ್ರಿಲ್ 29ರಂದು ನಾಟಕ ಬ್ರಾಡ್‌ವೇಯ ನೆದರ್‌ಲ್ಯಾಂಡರ್ ಥಿಯೇಟರಿಗೆ ಬಂತು. ಪುಲಿಟ್ಜರ್ ಬಂತು, ಟೋನಿ ಪ್ರಶಸ್ತಿ ಬಂತು, ಊರಿಗೆ ಊರೇ ಟಿಕೆಟ್ಟಿಗೆ ಮುಗಿಬಿತ್ತು.

ಆಗ ನಿರ್ಮಾಪಕರಾದ ಜೆಫ್ರಿ ಸೆಲ್ಲರ್ ಮತ್ತು ಕೆವಿನ್ ಮೆಕಾಲಮ್ ಎದುರು ಒಂದು ಪ್ರಶ್ನೆ ಬಂದು ನಿಂತಿತು. ಈ ನಾಟಕ ಯಾರ ಬದುಕನ್ನು ಹಾಡುತ್ತಿದೆಯೋ ಅವರೇ ಒಳಗೆ ಬರಲಾಗದಷ್ಟು ಟಿಕೆಟ್ ದುಬಾರಿ. ಅವರು ಕಂಡುಕೊಂಡ ದಾರಿ ಇದು: ಮುಂದಿನ ಎರಡು ಸಾಲಿನ 34 ಕುರ್ಚಿಗಳನ್ನು ಮುಂಗಡ ಮಾರುವುದೇ ಇಲ್ಲ. ಪ್ರದರ್ಶನದ ದಿನ, ಬಾಗಿಲಲ್ಲಿ, 20 ಡಾಲರಿಗೆ, ಮೊದಲು ಬಂದವರಿಗೆ. ಅಗ್ಗದ ಟಿಕೆಟ್ ಎಂದರೆ ಬಾಲ್ಕನಿಯ ಕಂಬದ ಹಿಂದಿನ ಮೂಲೆ ಎಂದಿದ್ದ ಕಾಲದಲ್ಲಿ ಇವರು ಕೊಟ್ಟದ್ದು ನಟನ ಬೆವರು ಕಾಣುವಷ್ಟು ಹತ್ತಿರದ ಜಾಗ.

ಥಿಯೇಟರಿದ್ದ 41ನೇ ಬೀದಿಯ ಫುಟ್‌ಪಾತಿನಲ್ಲಿ ಹುಡುಗ ಹುಡುಗಿಯರು ಹಿಂದಿನ ರಾತ್ರಿಯೇ ಬಂದು ಮಲಗತೊಡಗಿದರು. ಕಂಬಳಿ, ಥರ್ಮಾಸ್, ಇಸ್ಪೀಟು ಎಲ್ಲ ಬಂದವು. ಒಂದೇ ನಾಟಕವನ್ನು ಮತ್ತೆ ಮತ್ತೆ ನೋಡುವವರಿಗೆ 'ರೆಂಟ್‌ಹೆಡ್ಸ್' ಎಂದು ಹೆಸರೇ ಬಿತ್ತು. ಅವರಲ್ಲಿ ಸ್ನೇಹ ಬೆಳೆಯಿತು, ಸರದಿ ಪಟ್ಟಿ ಬರೆದಿಟ್ಟುಕೊಳ್ಳುವ ರೂಢಿ ಬೆಳೆಯಿತು. ಜೊತೆಗೆ ಚಿಂತೆಯೂ ಬೆಳೆಯಿತು. ಹದಿಹರೆಯದವರು ರಾತ್ರಿಯಿಡೀ ಬೀದಿಯಲ್ಲಿ ಮಲಗುವುದು ಕ್ಷೇಮವಲ್ಲ ಎಂದು 1997ರಲ್ಲಿ ಸಾಲು ನಿಲ್ಲಿಸಿ ಚೀಟಿ ಎತ್ತುವ ಪದ್ಧತಿ ತಂದರು. ಸಂಜೆ ಬಂದು ಹೆಸರು ಬರೆದು ಹಾಕಬೇಕು, ಚೀಟಿ ಎತ್ತಿದಾಗ ಅಲ್ಲೇ ಇರಬೇಕು, ಹೆಸರು ಬಂದವರಿಗೆ ಟಿಕೆಟ್. ಬ್ರಾಡ್‌ವೇ ಲಾಟರಿ ಹುಟ್ಟಿದ್ದು ಹೀಗೆ. 'ರೆಂಟ್' 2008ರ ಸೆಪ್ಟೆಂಬರ್ 7ರವರೆಗೆ 5,123 ಪ್ರದರ್ಶನ ಕಂಡಿತು. ಅಷ್ಟರೊಳಗೆ 'ರಶ್' ಮತ್ತು 'ಲಾಟರಿ' ಎರಡೂ ಬ್ರಾಡ್‌ವೇಯ ದಿನನಿತ್ಯದ ಮಾತಾಗಿದ್ದವು. ಬೆಳಗ್ಗೆ ಬಾಕ್ಸ್ ಆಫೀಸ್ ಬಾಗಿಲು ತೆರೆದಾಗ ಸಾಲಿನ ಮುಂದೆ ಇದ್ದವರಿಗೆ ಅಗ್ಗದಲ್ಲಿ ಕೊಡುವುದು ರಶ್. ಅದೃಷ್ಟ ನೋಡಿ ಕೊಡುವುದು ಲಾಟರಿ.

ಹೌಸ್‌ಫುಲ್ ಬೋರ್ಡು ಹಾಕಿದ ಮೇಲೂ ಬಾಗಿಲಲ್ಲಿ ಟಿಕೆಟ್ ಹೇಗೆ ಹುಟ್ಟುತ್ತದೆ ಎಂದು ಕೇಳುವವರಿದ್ದಾರೆ. ಬ್ರಾಡ್‌ವೇಯಲ್ಲಿ ಪ್ರತಿ ನಾಟಕಕ್ಕೂ 'ಹೌಸ್ ಸೀಟ್' ಎಂದು ಒಂದಿಷ್ಟು ಒಳ್ಳೆಯ ಕುರ್ಚಿಗಳನ್ನು ನಿರ್ಮಾಪಕರು, ನಿರ್ದೇಶಕರು, ಮುಖ್ಯ ನಟರು, ಅವರ ಅತಿಥಿಗಳಿಗಾಗಿ ಎತ್ತಿಡುತ್ತಾರೆ. ಯಾರೂ ಕೇಳದಿದ್ದರೆ ಪ್ರದರ್ಶನಕ್ಕೆ ಒಂದೆರಡು ದಿನ ಮೊದಲೋ ಅದೇ ದಿನವೋ ಅವು ಗಲ್ಲಾಕ್ಕೆ ವಾಪಸು ಬರುತ್ತವೆ. ಯಾರಿಗೋ ಜ್ವರ, ಯಾರದೋ ವಿಮಾನ ತಡ, ಹೀಗೆ ಮರಳಿಬಂದ ಟಿಕೆಟ್ಟುಗಳೂ ಸೇರುತ್ತವೆ. ಇವಕ್ಕೆಂದೇ ನಿಲ್ಲುವ ಸಾಲಿಗೆ ಅಲ್ಲಿ 'ಕ್ಯಾನ್ಸಲೇಶನ್ ಲೈನ್' ಎನ್ನುತ್ತಾರೆ. ಅಲ್ಲಿ ರಿಯಾಯಿತಿಯಿಲ್ಲ, ಸಿಕ್ಕುವುದು ಪೂರ್ತಿ ಬೆಲೆಗೆ. ಎಲ್ಲ ಕುರ್ಚಿ ಮಾರಿಹೋದ ದಿನ ಮಾತ್ರ ಕೆಲವು ಮಂದಿರಗಳು ಹಿಂದಿನ ಗೋಡೆಗೆ ತಾಗಿ ನಿಂತು ನೋಡುವ ಟಿಕೆಟ್ಟನ್ನೂ ಕೊಡುತ್ತವೆ. ಒಬ್ಬರೇ ಹೋದವರಿಗೆ ಜಾಗ ಬೇಗ ಸಿಗುತ್ತದೆ, ಏಕೆಂದರೆ ಉಳಿಯುವುದು ಹೆಚ್ಚಾಗಿ ಬಿಡಿ ಕುರ್ಚಿಗಳು. ಶನಿವಾರಕ್ಕಿಂತ ಮಂಗಳವಾರ, ಡಿಸೆಂಬರಿಗಿಂತ ಜನವರಿ ಫೆಬ್ರವರಿಯ ಚಳಿ ಇಂಥವರಿಗೆ ಅನುಕೂಲ.

ನಿಂತು ನೋಡುವುದನ್ನು ಒಂದು ಸಂಸ್ಕಾರವನ್ನಾಗಿ ಬೆಳೆಸಿದ ಊರು ವಿಯೆನ್ನಾ. ಅಲ್ಲಿನ ಸ್ಟೇಟ್ ಒಪೆರಾದಲ್ಲಿ ನಿಲ್ಲುವ ಜಾಗಗಳೇ ನೂರಾರಿವೆ. ಅವುಗಳಲ್ಲಿ ಅತ್ಯುತ್ತಮವಾದದ್ದು ನೆಲಮಹಡಿಯಲ್ಲಿ, ಹಿಂದೆ ಚಕ್ರವರ್ತಿಯ ಬಾಕ್ಸ್ ಇದ್ದ ಕಡೆ, ಅದರ ಕೆಳಗೇ, ವೇದಿಕೆಗೆ ನೇರ ಎದುರಾಗಿ. ಮೇಲೆ ದೊಡ್ಡ ಹಣ ಕೊಟ್ಟು ಕೂತವರಿಗೆ ಕಾಣುವುದೆಲ್ಲ ಕೆಳಗೆ ಒಂದು ಊಟದ ದುಡ್ಡಿಗೂ ಕಡಿಮೆ ಕೊಟ್ಟು ನಿಂತವರಿಗೂ ಕಾಣುತ್ತದೆ. ಪ್ರದರ್ಶನಕ್ಕೆ 80 ನಿಮಿಷ ಮೊದಲು ಈ ಟಿಕೆಟ್ಟಿನ ಕಿಟಕಿ ತೆರೆಯುವುದು ಬಹುಕಾಲ ಅಲ್ಲಿನ ವಾಡಿಕೆಯಾಗಿತ್ತು. ದೊಡ್ಡ ಗಾಯಕರು ಹಾಡುವ ದಿನ ಜನ ಮಧ್ಯಾಹ್ನದಿಂದಲೇ ನಿಲ್ಲುತ್ತಿದ್ದರು.

ಒಳಗೆ ಬಿಟ್ಟ ಮೇಲೆ ಅವರು ಮಾಡುವ ಮೊದಲ ಕೆಲಸ ನೋಡಬೇಕು. ಇಳಿಜಾರಾಗಿ ಮೆಟ್ಟಿಲು ಮೆಟ್ಟಿಲಾಗಿರುವ ಆ ಜಾಗದಲ್ಲಿ ಒರಗಲು ಅಡ್ಡಲಾಗಿ ಕಂಬಿಗಳಿವೆ. ತಮಗೆ ಒಪ್ಪಿದ ಕಡೆ ಕುತ್ತಿಗೆಯ ಸ್ಕಾರ್ಫ್ ಬಿಚ್ಚಿ ಕಂಬಿಗೆ ಒಂದು ಗಂಟು ಹಾಕುತ್ತಾರೆ. ಆಮೇಲೆ ಆರಾಮವಾಗಿ ಹೊರಗೆ ಹೋಗಿ ಕಾಫಿ ಕುಡಿದು ಬರುತ್ತಾರೆ. ಆ ಗಂಟನ್ನು ಯಾರೂ ಬಿಚ್ಚುವುದಿಲ್ಲ. ಚಿನ್ನದ ಜರಿಯ ಸ್ಕಾರ್ಫೂ ಒಂದೇ, ಹಳೆಯ ಉಣ್ಣೆಯ ತುಂಡೂ ಒಂದೇ. ಕಾವಲುಗಾರನಿಲ್ಲದೆ ನಡೆಯುವ ಈ ಕಟ್ಟಳೆಯನ್ನು ಹೊಸಬರಿಗೆ ಕಲಿಸುವವರು ಪಕ್ಕದಲ್ಲಿ ನಿಂತ ಹಳಬರು. ಎಷ್ಟೋ ವರ್ಷಗಳಿಂದ ನಿಂತೇ ಒಪೆರಾ ಕೇಳಿದ ಆ ಹಳಬರ ಚಪ್ಪಾಳೆಗೆ, ಅವರ ಮೌನಕ್ಕೆ ಗಾಯಕರು ಅಂಜುತ್ತಾರೆ. ಪೂರ್ತಿ ದುಡ್ಡು ಕೊಟ್ಟು ಕೂತವರಿಗಿಂತ ಕಿವಿ ಚುರುಕಾಗಿರುವುದು ಇವರದೇ ಎಂಬುದು ಆ ಊರಿನಲ್ಲಿ ಎಲ್ಲರೂ ಒಪ್ಪುವ ಮಾತು.

ಕಡಿಮೆ ದುಡ್ಡಿನವರು ವೇದಿಕೆಗೆ ಹತ್ತಿರ ನಿಲ್ಲುವ ಪದ್ಧತಿ ಹೊಸದೇನಲ್ಲ. ಶೇಕ್ಸ್‌ಪಿಯರ್ ಕಾಲದ ಗ್ಲೋಬ್ ರಂಗಮಂದಿರದಲ್ಲಿ ಒಂದು ಪೆನ್ನಿ ಕೊಟ್ಟವರು ಬಯಲಂಗಳದಲ್ಲಿ ವೇದಿಕೆಗೆ ಮೈತಾಗಿಸಿ ನಿಲ್ಲುತ್ತಿದ್ದರು. ಲಂಡನ್ನಿನಲ್ಲಿ 1997ರಲ್ಲಿ ಮತ್ತೆ ಕಟ್ಟಿ ತೆರೆದ ಗ್ಲೋಬ್ ಕೂಡ ಆ ಅಂಗಳವನ್ನು ಉಳಿಸಿಕೊಂಡು, ಬಹಳ ವರ್ಷ 5 ಪೌಂಡಿಗೇ ಟಿಕೆಟ್ ಕೊಟ್ಟಿತು. ಮಳೆ ಬಂದರೆ ನೆನೆಯುವವರೂ ಅವರೇ, ನಟ ಕೈಚಾಚಿ ಮಾತಾಡಿಸುವುದೂ ಅವರನ್ನೇ.

ಸಾಲು ಎಂದಾಗ ಪ್ರಪಂಚದ ರಂಗಾಸಕ್ತರಿಗೆಲ್ಲ ನೆನಪಾಗುವುದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್. ಅಲ್ಲಿನ ಡೆಲಕೋರ್ಟ್ ಎಂಬ ಬಯಲು ರಂಗಮಂದಿರದಲ್ಲಿ ಬೇಸಿಗೆಯ ಶೇಕ್ಸ್‌ಪಿಯರ್ ನಾಟಕಗಳಿಗೆ ಟಿಕೆಟ್ ಪುಕ್ಕಟೆ. ಇದರ ಹಿಂದೆ ಇದ್ದವನು ಬ್ರೂಕ್ಲಿನ್ನಿನ ಬಡ ವಲಸಿಗರ ಮನೆಯಲ್ಲಿ ಹುಟ್ಟಿದ ಜೋಸೆಫ್ ಪ್ಯಾಪ್. 1954ರಲ್ಲಿ ತಂಡ ಕಟ್ಟಿ, ಉದ್ಯಾನಗಳಲ್ಲಿ ಜನರಿಗೆ ದುಡ್ಡಿಲ್ಲದೆ ನಾಟಕ ತೋರಿಸುತ್ತಿದ್ದ. 1959ರಲ್ಲಿ ನಗರದ ಉದ್ಯಾನಗಳ ಆಯುಕ್ತ ರಾಬರ್ಟ್ ಮೋಸೆಸ್, ಜನ ತುಳಿದು ಹುಲ್ಲು ಹಾಳಾಗುತ್ತಿದೆ, ಅದರ ಖರ್ಚಿಗೆ ಟಿಕೆಟ್ ಇಡು ಎಂದು ಪಟ್ಟು ಹಿಡಿದ. ನ್ಯೂಯಾರ್ಕನ್ನೇ ತನಗೆ ಬೇಕಾದಂತೆ ಕಟ್ಟಿ ಕೆಡವುತ್ತಿದ್ದ ಬಲಿಷ್ಠ ಅಧಿಕಾರಿ ಅವನು. ಪ್ಯಾಪ್ ಬಗ್ಗಲಿಲ್ಲ. ಕೋರ್ಟಿಗೆ ಹೋದ, ಮೇಲಿನ ಕೋರ್ಟಿನಲ್ಲಿ ಗೆದ್ದ. ಮೂರು ವರ್ಷದ ನಂತರ, 1962ರಲ್ಲಿ, ಅದೇ ಪಾರ್ಕಿನಲ್ಲಿ ಕಾಯಂ ರಂಗಮಂದಿರ ಎದ್ದು ನಿಂತಿತು. ಮೊದಲ ನಾಟಕ 'ಮರ್ಚೆಂಟ್ ಆಫ್ ವೆನಿಸ್'.

ಅಲ್ಲಿನ ಸಾಲಿಗೆ ತನ್ನದೇ ನಡವಳಿಕೆಗಳಿವೆ. ಪಾರ್ಕ್ ಬಾಗಿಲು ಬೆಳಗ್ಗೆ 6ಕ್ಕೆ ತೆರೆಯುತ್ತದೆ, ಟಿಕೆಟ್ ಹಂಚುವುದು ಮಧ್ಯಾಹ್ನ 12ಕ್ಕೆ, ಪರದೆ ಏಳುವುದು ರಾತ್ರಿ 8ಕ್ಕೆ. ಒಬ್ಬರಿಗೆ ಎರಡೇ ಟಿಕೆಟ್. ನಡುವೆ ಬಂದು ಗೆಳೆಯರ ಜೊತೆ ಸೇರಿಕೊಳ್ಳುವಂತಿಲ್ಲ, ಜಾಗ ಬಿಟ್ಟು ಅಲೆದಾಡುವಂತಿಲ್ಲ. ಹಾಸಿಗೆ, ಮಡಚುವ ಕುರ್ಚಿ, ದಪ್ಪ ಪುಸ್ತಕ ಹಿಡಿದು ಬಂದ ಜನ ಮರದ ನೆರಳಿನಲ್ಲಿ ಉದ್ದಕ್ಕೂ ಬಿಡಾರ ಹೂಡುತ್ತಾರೆ. ಸುತ್ತಲಿನ ಹೋಟೆಲಿನವರು ಸಾಲಿನಲ್ಲಿ ಕೂತ ಜಾಗಕ್ಕೇ ತಿಂಡಿ ತಂದುಕೊಡುತ್ತಾರೆ. ಯಾರೋ ಬಂದು ಕೊಳಲೋ ಗಿಟಾರೋ ನುಡಿಸಿ ಹೋಗುತ್ತಾರೆ. ಹಿರಿಯ ನಾಗರಿಕರಿಗೆ, ಅಂಗವಿಕಲರಿಗೆ ಬೇರೆ ಸಾಲುಂಟು. ಅರ್ಧ ದಿನ ಪಕ್ಕಪಕ್ಕ ಕೂತವರೇ ರಾತ್ರಿ ಒಳಗೂ ಸೇರುವುದರಿಂದ, ನಾಟಕ ಶುರುವಾಗುವ ಹೊತ್ತಿಗೆ ಆ ಪ್ರೇಕ್ಷಕರು ಗುರುತಿಲ್ಲದವರ ಗುಂಪಾಗಿ ಉಳಿದಿರುವುದಿಲ್ಲ.

ಇಂಥ ಸಾಲಿಗೂ ದುಡ್ಡು ನುಸುಳಿತು. 2010ರಲ್ಲಿ ಅದೇ ಮಂದಿರದಲ್ಲಿ ಅದೇ 'ಮರ್ಚೆಂಟ್ ಆಫ್ ವೆನಿಸ್', ಶೈಲಾಕ್ ಪಾತ್ರದಲ್ಲಿ ಆಲ್ ಪಚಿನೊ. ನಿಮ್ಮ ಬದಲು ನಾವು ನಿಲ್ಲುತ್ತೇವೆ ಎಂದು ಆನ್‌ಲೈನಿನಲ್ಲಿ ಜಾಹೀರಾತು ಕೊಟ್ಟ ಕೂಲಿಗೆ ನಿಲ್ಲುವವರು ಒಂದು ಟಿಕೆಟ್ಟಿಗೆ 125 ಡಾಲರಿನವರೆಗೂ ಕೇಳಿದರು. ಆಗ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಆಗಿದ್ದ ಆಂಡ್ರೂ ಕ್ವೋಮೊ, ಸಾರ್ವಜನಿಕರಿಗೆ ಪುಕ್ಕಟೆಯಾಗಿ ಸಲ್ಲಬೇಕಾದ್ದನ್ನು ಮಾರುವುದು ಸಲ್ಲದು ಎಂದು ಆ ಜಾಹೀರಾತುಗಳನ್ನು ತೆಗೆಯುವಂತೆ ಒತ್ತಡ ತಂದರು. ತತ್ವಶಾಸ್ತ್ರಜ್ಞ ಮೈಕೆಲ್ ಸ್ಯಾಂಡೆಲ್ 2012ರ ತಮ್ಮ ಪುಸ್ತಕದಲ್ಲಿ ಈ ಪ್ರಸಂಗವನ್ನೇ ಎತ್ತಿಕೊಂಡು, ದುಡ್ಡು ಸಾಲನ್ನು ನುಂಗಿದಾಗ ಸಮಾಜ ಏನು ಕಳೆದುಕೊಳ್ಳುತ್ತದೆ ಎಂದು ವಿವರವಾಗಿ ಚರ್ಚಿಸಿದ್ದಾರೆ. ಕೊಳ್ಳುವವನಿಗೂ ಮಾರುವವನಿಗೂ ಒಪ್ಪಿಗೆ ಇದ್ದರೆ ತಪ್ಪೇನು ಎನ್ನುವವರಿಗೆ ಉತ್ತರ ಸರಳವಾಗಿದೆ. ಪುಕ್ಕಟೆ ನಾಟಕ ಆ ಊರು ತನ್ನ ಎಲ್ಲ ಮಕ್ಕಳಿಗೂ ಕೊಟ್ಟ ಉಡುಗೊರೆ. ಅದನ್ನು ಸಂತೆಗಿಟ್ಟರೆ ಕೊಟ್ಟವರಿಗೂ ಪಡೆಯಬೇಕಾದವರಿಗೂ ಮೋಸವಾಗುತ್ತದೆ.

ಬೇಡಿಕೆ ಹೆಚ್ಚಿ ಜಾಗ ಕಡಿಮೆಯಾದಾಗ ಹಂಚುವುದಕ್ಕೆ ಇರುವುದು ಮುಖ್ಯವಾಗಿ ಮೂರು ದಾರಿ. ಹೆಚ್ಚು ದುಡ್ಡು ಕೊಟ್ಟವರಿಗೆ ಕೊಡುವುದು, ಹೆಚ್ಚು ಹೊತ್ತು ಕಾದವರಿಗೆ ಕೊಡುವುದು, ಚೀಟಿ ಎತ್ತುವುದು. ಬ್ರಾಡ್‌ವೇ ಮೂರನ್ನೂ ಕೊನೆಯವರೆಗೆ ಎಳೆದು ನೋಡಿದೆ. 2001ರಲ್ಲಿ 'ದಿ ಪ್ರೊಡ್ಯೂಸರ್ಸ್' ನಾಟಕದವರು ಒಂದಿಷ್ಟು ಒಳ್ಳೆಯ ಕುರ್ಚಿಗೆ 480 ಡಾಲರ್ ಬೆಲೆ ಕಟ್ಟಿದರು. ಬ್ಲ್ಯಾಕ್‌ನಲ್ಲಿ ಮಾರುವವರಿಗೆ ಹೋಗುವ ದುಡ್ಡು ನಾಟಕದವರಿಗೇ ಬರಲಿ ಎಂಬುದು ಅವರ ವಾದ. ಆ ವಾದದಲ್ಲಿ ಹುರುಳಿಲ್ಲ ಎನ್ನಲಾಗದು, ಬೆವರು ಸುರಿಸುವುದು ನಟ, ದುಡ್ಡು ಎಣಿಸುವುದು ದಲ್ಲಾಳಿ ಆಗಬಾರದು. ಆದರೆ ಆ ದಿನದಿಂದ ಬ್ರಾಡ್‌ವೇಯಲ್ಲಿ ಬೆಲೆಗೆ ಮೇಲ್ಮಿತಿ ಎಂಬುದೇ ಇಲ್ಲವಾಯಿತು.

2015ರ ಬೇಸಿಗೆಯಲ್ಲಿ 46ನೇ ಬೀದಿಯ ರಿಚರ್ಡ್ ರಾಜರ್ಸ್ ಥಿಯೇಟರಿಗೆ 'ಹ್ಯಾಮಿಲ್ಟನ್' ಬಂತು. 'ರೆಂಟ್' ತಂದ ಅದೇ ಜೆಫ್ರಿ ಸೆಲ್ಲರ್ ಇದರ ನಿರ್ಮಾಪಕ. ಹತ್ತು ಡಾಲರ್ ನೋಟಿನ ಮೇಲೆ ಅಲೆಕ್ಸಾಂಡರ್ ಹ್ಯಾಮಿಲ್ಟನ್‌ನ ಮುಖ ಇರುವುದರಿಂದ ಲಾಟರಿ ಟಿಕೆಟ್ಟಿನ ಬೆಲೆ 10 ಡಾಲರ್. ಮೊದಲ ಸಾಲಿಗಾಗಿ ನೂರಾರು ಜನ ಬೀದಿಯಲ್ಲಿ ಸೇರತೊಡಗಿದರು. ಹೆಚ್ಚಿನವರು ಬರಿಗೈಯಲ್ಲಿ ಹೋಗುವವರೇ ಎಂದು ತಿಳಿದು, ನಾಟಕ ಬರೆದ ಲಿನ್-ಮ್ಯಾನುಯೆಲ್ ಮಿರಾಂಡಾ ಬಾಗಿಲ ಹೊರಗೇ ಬಂದು ಅವರನ್ನು ಮಾತಾಡಿಸಿದರು. ಮುಂದೆ ಅದು ನಾಲ್ಕಾರು ನಿಮಿಷದ ಬೀದಿ ಪ್ರದರ್ಶನವಾಗಿಯೇ ಬೆಳೆಯಿತು. ನಟರು ಹೊರಗೆ ಬಂದು ಹಾಡಿದರು, ಬೇರೆ ನಾಟಕದ ಕಲಾವಿದರೂ ಬಂದು ಸೇರಿಕೊಂಡರು. ಟಿಕೆಟ್ ಸಿಗದವರಿಗೂ ಏನಾದರೂ ಸಿಗಲಿ ಎಂಬ ಆ ಕಾಳಜಿ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಜನ ಬೀದಿಗೆ ಚೆಲ್ಲಿ ಸಂಚಾರಕ್ಕೆ ತೊಂದರೆಯಾದಾಗ 2016ರ ಜನವರಿಯಲ್ಲಿ ಆನ್‌ಲೈನ್ ಲಾಟರಿ ಬಂತು. ಮೊದಲ ದಿನವೇ 50 ಸಾವಿರಕ್ಕೂ ಹೆಚ್ಚು ಜನ ಹೆಸರು ಹಾಕಿದರು, ವೆಬ್‌ಸೈಟ್ ಕುಸಿದು ಬಿತ್ತು. ಬೀದಿಗೆ ಬರಲು ಸಾಧ್ಯವಿದ್ದವರು ನೂರಾರು, ಬೆರಳಾಡಿಸಲು ಸಾಧ್ಯವಿದ್ದವರು ಹತ್ತಾರು ಸಾವಿರ. ಕಾಲು ನೋಯುವ ಶ್ರಮ ಹೋದ ಕೂಡಲೇ, ನೋಡಿದರೂ ಸರಿ ಬಿಟ್ಟರೂ ಸರಿ ಎನ್ನುವವರೂ ಸೇರಿಕೊಂಡರು, ನೋಡಲೇಬೇಕು ಎಂಬ ಹಂಬಲದವರ ಪಾಲು ಕರಗಿತು. ಅದೇ ವರ್ಷ ಜೂನ್‌ನಲ್ಲಿ 'ಹ್ಯಾಮಿಲ್ಟನ್' ತನ್ನ ಅತ್ಯಂತ ದುಬಾರಿ ಟಿಕೆಟ್ಟನ್ನು 849 ಡಾಲರಿಗೆ ಏರಿಸಿತು, ಜೊತೆಗೇ 10 ಡಾಲರಿನ ಲಾಟರಿ ಕುರ್ಚಿಗಳನ್ನು 21ರಿಂದ 46ಕ್ಕೆ ಹೆಚ್ಚಿಸಿತು. ತಂತ್ರಾಂಶದಿಂದ ಟಿಕೆಟ್ಟುಗಳನ್ನು ಸಗಟಾಗಿ ಬಾಚಿಕೊಳ್ಳುವವರ ವಿರುದ್ಧ ಡಿಸೆಂಬರಿನಲ್ಲಿ ಅಮೆರಿಕದ ಕೇಂದ್ರ ಸರ್ಕಾರವೇ ಕಾನೂನು ತಂದಿತು. ಅದಕ್ಕಾಗಿ ಮಿರಾಂಡಾ ಕೂಡ ದನಿ ಎತ್ತಿದ್ದರು.

ಸಾಲು ಹೋಗಲಾಡಿಸಿದ್ದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಸಾಲಿನಲ್ಲಿ ನಿಲ್ಲಲು ಹೊತ್ತು ಬೇಕು, ಹೊತ್ತು ಎಲ್ಲ ಬಡವರ ಬಳಿಯೂ ಇರುವುದಿಲ್ಲ. ಕಾಲೇಜು ಹುಡುಗ ಬೆಳಗಿನಿಂದ ನಿಂತಾನು, ದಿನಗೂಲಿಯ ಹೆಂಗಸು ನಿಲ್ಲಲಾರಳು. ಕೈಗೂಸಿನ ತಾಯಿ, ಮಂಡಿನೋವಿನ ಅಜ್ಜ, ಊರ ಹೊರಗಿನಿಂದ ಮೂರು ಬಸ್ಸು ಬದಲಿಸಿ ಬರಬೇಕಾದವರು ಇವರನ್ನೆಲ್ಲ ಸಾಲು ಹಿಂದಕ್ಕೆ ತಳ್ಳುತ್ತದೆ. ಡೆಲಕೋರ್ಟಿನವರು ಇದನ್ನು ಅರಿತು, ಪಾರ್ಕಿನ ಸಾಲಿನ ಜೊತೆಗೆ ನಗರದ ಬೇರೆ ಬೇರೆ ಬಡಾವಣೆಗಳಿಗೇ ಹೋಗಿ ಒಂದಿಷ್ಟು ಟಿಕೆಟ್ ಹಂಚುತ್ತಾರೆ, ಇನ್ನೊಂದಿಷ್ಟನ್ನು ಆನ್‌ಲೈನ್ ಲಾಟರಿಗೆ ಬಿಡುತ್ತಾರೆ. ಒಂದೇ ಬಾಗಿಲಿಟ್ಟರೆ ಯಾರೋ ಹೊರಗೆ ಉಳಿದೇ ಉಳಿಯುತ್ತಾರೆ. ಮೂರು ಬಾಗಿಲಿಟ್ಟರೆ ಉಳಿಯುವವರು ಕಡಿಮೆ.

ಈಗ ನಮ್ಮ ಕಡೆಯ ಮಾತಿಗೆ ಬರುತ್ತೇನೆ. ಕಾದು ನೋಡುವುದು ಕನ್ನಡಿಗರಿಗೆ ಗೊತ್ತಿಲ್ಲದ್ದಲ್ಲ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ವೃತ್ತಿ ಕಂಪನಿಗಳು ಅಕ್ಕಪಕ್ಕದಲ್ಲೇ ಥಿಯೇಟರ್ ಹಾಕಿ ಒಂದಾದ ಮೇಲೊಂದು ಆಟ ಆಡುತ್ತವೆ. ಅಲ್ಲಿ ಟಿಕೆಟ್ ಎಂದರೆ ಅವತ್ತಿನದು, ಬಾಗಿಲಿನದು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಸಿ. ಬಸವಲಿಂಗಯ್ಯ ನಿರ್ದೇಶನದಲ್ಲಿ ಮೈಸೂರಿನ ರಂಗಾಯಣ 2010ರಲ್ಲಿ ರಾತ್ರಿಯಿಂದ ಬೆಳಗಿನವರೆಗಿನ ಒಂಬತ್ತು ಗಂಟೆಯ ನಾಟಕವಾಗಿ ಆಡಿದಾಗ ಜನ ಕಿಕ್ಕಿರಿದು ನೋಡಿದರು. ಒಳ್ಳೆಯದಕ್ಕೆ ಹೊತ್ತು ಕೊಡಲು ನಮ್ಮವರು ಹಿಂಜರಿಯುವುದಿಲ್ಲ. ಅರುಂಧತಿ ನಾಗ್ ಅವರ ಮುಂದಾಳತ್ವದಲ್ಲಿ 2004ರಲ್ಲಿ ಶುರುವಾದ ಬೆಂಗಳೂರಿನ ರಂಗಶಂಕರ, ಏಳೂವರೆ ಎಂದರೆ ಏಳೂವರೆ, ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ ಎಂಬ ಒಂದೇ ನಿಯಮದಿಂದ ಒಂದು ತಲೆಮಾರಿನ ಪ್ರೇಕ್ಷಕರ ನಡವಳಿಕೆಯನ್ನು ತಿದ್ದಿತು. ನಿಯಮ ಎಲ್ಲರಿಗೂ ಒಂದೇ ಆಗಿದ್ದರೆ ಜನ ಅದನ್ನು ಮನಸಾರೆ ಒಪ್ಪುತ್ತಾರೆ.

ನಮ್ಮ ಎಷ್ಟೋ ಸಭಾಂಗಣಗಳ ಮೊದಲೆರಡು ಸಾಲು ನೋಡಿದಾಗ ಮಾತ್ರ ಸಂಕಟವಾಗುತ್ತದೆ. ಸೋಫಾಗಳಿಗೆ ಬಿಳಿ ಬಟ್ಟೆ ಹೊದಿಸಿ, 'ಗಣ್ಯರಿಗೆ ಕಾಯ್ದಿರಿಸಲಾಗಿದೆ' ಎಂದು ಕಾಗದ ಅಂಟಿಸಿರುತ್ತಾರೆ. ಗಣ್ಯರು ಉದ್ಘಾಟನೆಗೆ ಬಂದು ಹಾರ ಹಾಕಿಸಿಕೊಂಡು ಹೊರಟುಬಿಡುತ್ತಾರೆ, ಕೆಲವರು ಬರುವುದೇ ಇಲ್ಲ. ಟಿಕೆಟ್ ಸಿಗದ ಹುಡುಗರು ಬಾಗಿಲ ಬಳಿ ನಿಂತು ಕತ್ತು ಚಾಚುತ್ತಿರುತ್ತಾರೆ, ಮೇಕಪ್ ಹಚ್ಚಿ ಬಂದ ನಟ ಖಾಲಿ ಸೋಫಾಗಳಿಗೆ ಮುಖಮಾಡಿ ಮೊದಲ ಮಾತು ಆಡುತ್ತಾನೆ. ನಾಟಕದ ಬಿಸಿ ಹತ್ತುವುದು ಮುಂದಿನ ಸಾಲಿನಿಂದ. ಅಲ್ಲಿ ನಕ್ಕರೆ ಹಿಂದಿನವರೂ ನಗುತ್ತಾರೆ, ಅಲ್ಲಿ ಮೌನ ಕವಿದರೆ ಸಭೆಯೇ ಮೌನವಾಗುತ್ತದೆ. ಹಂಬಲಪಟ್ಟು ಬಂದವರನ್ನು ಅಲ್ಲಿ ಕೂರಿಸಿದರೆ ಇಡೀ ಪ್ರಯೋಗ ಮೇಲೇಳುತ್ತದೆ. 'ರೆಂಟ್' ನಿರ್ಮಾಪಕರಿಗೆ 34 ಕುರ್ಚಿಯ ಪೂರ್ತಿ ಬೆಲೆ ಬಿಟ್ಟುಕೊಟ್ಟದ್ದಕ್ಕೆ ಸಿಕ್ಕ ಲಾಭ ಇದು.

ಆದ್ದರಿಂದ ನಮ್ಮ ರಂಗತಂಡಗಳಿಗೆ, ಉತ್ಸವ ನಡೆಸುವವರಿಗೆ, ರಂಗಾಯಣಗಳಿಗೆ, ನಾಟಕ ಅಕಾಡೆಮಿಗೆ ನನ್ನ ಕೋರಿಕೆ ಇಷ್ಟು. ಹೌಸ್‌ಫುಲ್ ಆಗುವ ನಾಟಕಗಳಿಗೆ ಮುಂದಿನ ಎರಡು ಸಾಲನ್ನು ಮುಂಗಡವಾಗಿ ಮಾರಬೇಡಿ, ಪಾಸಿಗೂ ಕೊಡಬೇಡಿ. ಒಂದು ಸಾಲನ್ನು ಪ್ರದರ್ಶನಕ್ಕೆ ಒಂದು ಗಂಟೆ ಮೊದಲು ಬಾಗಿಲಲ್ಲಿ ಒಂದು ಊಟದ ದುಡ್ಡಿಗಿಂತ ಕಡಿಮೆಗೆ ಕೊಡಿ, ತಲೆಗೆ ಎರಡಕ್ಕಿಂತ ಹೆಚ್ಚು ಬೇಡ. ಇನ್ನೊಂದು ಸಾಲಿಗೆ ಅವತ್ತು ಮಧ್ಯಾಹ್ನವೇ ಫೋನಿನಲ್ಲಿ ಹೆಸರು ಪಡೆದು ಚೀಟಿ ಎತ್ತಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಸಿಕ್ಕಿಕೊಂಡು ಬಂದು ವಾಪಸು ಹೋಗುವ ಗತಿ ದೂರದವರಿಗೆ ಬರಬಾರದು. ವಯಸ್ಸಾದವರಿಗೆ, ಅಂಗವಿಕಲರಿಗೆ ಕೂತು ಕಾಯಲು ನಾಲ್ಕು ಕುರ್ಚಿ ಹಾಕಿ. ಗಣ್ಯರ ಕುರ್ಚಿ ಎರಡನೇ ಗಂಟೆಯ ಹೊತ್ತಿಗೂ ಖಾಲಿ ಇದ್ದರೆ ಸಾಲಿನಲ್ಲಿದ್ದವರನ್ನು ಕರೆದು ಕೂರಿಸಿ. ಇದಕ್ಕೆ ಅನುದಾನ ಬೇಕಿಲ್ಲ, ಹೊಸ ಕಟ್ಟಡ ಬೇಕಿಲ್ಲ. ತಂಡದ ಗೇಟ್ ಕಲೆಕ್ಷನ್ನಿನಲ್ಲಿ ಒಂದಿಷ್ಟು ಕಡಿಮೆಯಾಗಬಹುದು, ಅಷ್ಟೇ.

ಆ ಕಡಿಮೆಯಾದ ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಲಿನ್-ಮ್ಯಾನುಯೆಲ್ ಮಿರಾಂಡಾ 'ರೆಂಟ್' ನೋಡಿದ್ದು ತನ್ನ 17ನೇ ಹುಟ್ಟುಹಬ್ಬಕ್ಕೆ. ನಮ್ಮ ಕಾಲದ, ನಮ್ಮಂಥವರ ಕತೆಯನ್ನೂ ರಂಗದ ಮೇಲೆ ಹಾಡಬಹುದು ಎಂದು ಹೊಳೆದದ್ದು ಆಗಲೇ ಎಂದು ಅವರು ಹಲವು ಸಲ ಹೇಳಿಕೊಂಡಿದ್ದಾರೆ. ಆ ಹುಡುಗ ಬೆಳೆದು 'ಹ್ಯಾಮಿಲ್ಟನ್' ಬರೆದ. ಹದಿನೇಳರ ವಯಸ್ಸಿನಲ್ಲಿ ನೋಡಿದ ನಾಟಕ ಮನುಷ್ಯನನ್ನು ಹಿಡಿದಷ್ಟು ಗಟ್ಟಿಯಾಗಿ ನಲವತ್ತರಲ್ಲಿ ನೋಡಿದ್ದು ಹಿಡಿಯುವುದಿಲ್ಲ, ಹದಿನೇಳರಲ್ಲಿ ಜೇಬಿನಲ್ಲಿ ದುಡ್ಡಿರುವುದಿಲ್ಲ. ಕನ್ನಡ ರಂಗಭೂಮಿಯ ಮುಂದಿನ ನಾಟಕಕಾರರು, ನಟರು, ಬೆಳಕಿನವರು, ನಿಷ್ಠೆಯ ಪ್ರೇಕ್ಷಕರು ಇವತ್ತು ಆ ವಯಸ್ಸಿನಲ್ಲಿದ್ದಾರೆ, ಸಂಜೆ ಐದರ ಬಸ್ಸು ಹತ್ತಿ ಟಿಕೆಟ್ ಸಿಕ್ಕೀತೇ ಎಂದು ನೋಡಲು ಬರುತ್ತಿದ್ದಾರೆ. ಅವರಿಗೆ ಮೊದಲ ಸಾಲು ಕೊಡಿ, ಮುಂದಿನ ಪ್ರಯೋಗದಿಂದಲೇ ಶುರುಮಾಡಿ.